ಮೆಟ್ಟಿಲಿಲ್ಲದ ದೇವಲೋಕ

ಎದುರುಮನೆಯ ಕಾಂಪೌಂಡರ್ ಮಾವನ ಬಲಗೈಯ ಮೂರು ಬೆರಳು ಸದಾ ನೇರಳೆ ಬಣ್ಣದಲ್ಲಿರುತ್ತಿದ್ದವು. ಆಸ್ಪತ್ರೆಯಲ್ಲಿ ದಿನವಿಡೀ ಗಾಯಗಳಿಗೆ ಹಚ್ಚುತ್ತಿದ್ದ ಔಷಧಿಯ ಕಲೆ ಅದು. ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಆ ಬೆರಳಲ್ಲಿ ಅವರು ಅನ್ನ ಕಲಸುವುದನ್ನು ಕಂಡರೆ ನನಗೆ ಹೇಸಿಗೆ. ಅದೇ ಔಷಧಿಯನ್ನು ಅವರು ದಸರೆಗೆ ಕಟ್ಟುತ್ತಿದ್ದ ಮಣ್ಣಿನ ಬೆಟ್ಟಗಳಿಗೆ ಬಳಿಯುವಾಗ ಮಾತ್ರ ಕಣ್ಣು ಕೀಳಲಾಗುತ್ತಿರಲಿಲ್ಲ.

ದಸರೆ ಬಂತೆಂದರೆ ನಂಜನಗೂಡಿನ ನಮ್ಮ ಬೀದಿಯಲ್ಲಿ ಮನೆಮನೆಗೂ ಗೊಂಬೆ ಕೂರಿಸುತ್ತಿದ್ದರು. ಗೊಂಬೆಗಳ ಮುಂದೆ ರಾಗಿ ಪೈರು ಬೆಳೆಸಿ, ಕನ್ನಡಿಯಿಟ್ಟು ಕೆರೆ ಮಾಡಿ, ಅದನ್ನು ಪಾರ್ಕು ಎನ್ನುತ್ತಿದ್ದರು. ಮಾವನಿಗೆ ಅಷ್ಟು ಸಾಲದು. ಕಪಿಲೆಯ ದಂಡೆಯಲ್ಲಿ ಎಂದಾದರೂ ಕಟ್ಟಲೇಬೇಕಾದ ದೊಡ್ಡದೊಂದು ಪಾರ್ಕು ಅವರ ತಲೆಯಲ್ಲಿತ್ತು. ಅದರ ಮಾದರಿ ಪ್ರತಿ ವರ್ಷ ಅವರ ನಡುಮನೆಯ ತುಂಬ. ಹತ್ತಿಯಲ್ಲಿ ಹಿಮದ ನಾಡು, ಇಂಜೆಕ್ಷನ್ ಸೀಸೆಗಳಲ್ಲಿ ಪಾತಾಳ, ಒಲೆಯ ಬೂದಿಯಲ್ಲಿ ಚಂದ್ರಲೋಕ, ಎಲ್ಲಕ್ಕಿಂತ ಎತ್ತರದಲ್ಲಿ ದೇವಲೋಕ. ಯಾವ ಲೋಕ ಕಟ್ಟಿದರೂ ಅದರಲ್ಲಿ ಆಸ್ಪತ್ರೆಯ ಬುದ್ಧಿ ಇಣುಕುತ್ತಿತ್ತು. "ಪಾತಾಳದಿಂದ ಈಚೆಗೆ ಬಂದೋರ್ಗೆ ತಲೆ ಸುತ್ತುತ್ತೆ ಕಣವ್ವ, ಬಾಗ್ಲಲ್ಲೇ ಒಂದು ನಲ್ಲಿ ಇರ್ಲಿ" ಎಂದು ಬೆಂಕಿಪೊಟ್ಟಣದ ತೊಟ್ಟಿಯೊಂದನ್ನು ಇಡುವರು. ಬೀದಿಯವರು ಇದು ಹುಚ್ಚು ಎಂದು ನಗುತ್ತಿದ್ದರು. ನೋಡಲು ಮಾತ್ರ ತಪ್ಪದೆ ಬರುತ್ತಿದ್ದರು.

ನನಗೆ ಮೂರನೇ ವಯಸ್ಸಿಗೇ ಪೋಲಿಯೊ ಬಂದು ಎಡಗಾಲು ಸೊರಗಿತ್ತು. ಕಬ್ಬಿಣದ ಪಟ್ಟಿ ಕಟ್ಟಿಕೊಂಡು ನೆಲದ ಮೇಲೆ ನಡೆಯುತ್ತಿದ್ದೆ. ಮೆಟ್ಟಿಲೆಂದರೆ ಯಾರಾದರೂ ಎತ್ತಿಕೊಳ್ಳಬೇಕು. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಮಾವ ಬೀದಿಯ ಮಕ್ಕಳಿಗೆಲ್ಲ ಒಂದೊಂದು ಚನ್ನಪಟ್ಟಣದ ಬೊಂಬೆ ಕೊಟ್ಟು, ಯಾರು ಮೊದಲು ಯಾವ ಲೋಕಕ್ಕೆ ಹೋಗುತ್ತೀರಿ ಎಂದು ಕೇಳಿದರು. ಎಲ್ಲರೂ ದೇವಲೋಕಕ್ಕೆ ನುಗ್ಗಿದರು. ನಾನು ನನ್ನ ಬೊಂಬೆಯನ್ನು ಗೇಟಿನ ಬಳಿಯೇ ನಿಲ್ಲಿಸಿದೆ.

"ಯಾಕವ್ವ?"

"ಒಂಬತ್ತು ಮೆಟ್ಲು ಇಟ್ಟಿದ್ದೀರಲ್ಲ ಮಾವ. ಹೋಗೋರು ಹೋಗಿ ಬರ್ಲಿ, ನಾನು ಇಲ್ಲೇ ಚಪ್ಪಲಿ ಕಾಯ್ತೀನಿ."

ಚುಚ್ಚಲೆಂದೇ ಅಂದಿದ್ದೆ. ಮಾವನ ಮುಖ ಬಾಡಿತು.

ಮಾರನೆಯ ದಿನ ಮೆಟ್ಟಿಲುಗಳು ಮಾಯ. ದೇವಲೋಕವನ್ನೇ ಅವರು ನೆಲಕ್ಕಿಳಿಸಲು ಹೊರಟಾಗ ಅವರ ಹೆಂಡತಿ ಅಡ್ಡ ನಿಂತರು. "ಹಬ್ಬದ ದಿನ ದೇವ್ರನ್ನ ನೆಲದ ಮ್ಯಾಲೆ ಕೂರುಸ್ತಾರಾ? ಇದೇನ್ರೀ ನಿಮ್ಮ ಆಟ?" ಮಾವ ತಲೆ ಕೆರೆದುಕೊಂಡರು. ಆಮೇಲೆ, "ಚಾಮುಂಡಿ ಬೆಟ್ಟಕ್ಕೆ ಮೆಟ್ಲೂ ಅವೆ, ರಸ್ತೇನೂ ಅದೆ. ರಸ್ತೇಲಿ ಬಂದೋರ್ನ ತಾಯಿ ಬ್ಯಾಡ ಅಂದವ್ಳಾ?" ಎಂದವರೇ ಹೊಳೆಯ ಮರಳು ತಂದು ಬೆಟ್ಟ ಸುತ್ತುವ ರಸ್ತೆ ಮಾಡಿದರು. ನನ್ನ ಬೊಂಬೆಯೂ ಮೇಲೆ ಹೋಗಿ ಕೂತಿತು. ಅತ್ತೆ ಅಂದಿನ ಆರತಿಗೆ ನನ್ನನ್ನೇ ಮೊದಲು ಕರೆದರು.

ಮುಂದಿನ ಜೂನ್‌ನಲ್ಲಿ ನಿಜವಾದ ಮೆಟ್ಟಿಲು ಎದುರಾಯಿತು. ಹೈಸ್ಕೂಲಿನ ಎಂಟನೇ ತರಗತಿ ಮಹಡಿಯ ಮೇಲಿತ್ತು. ಅಪ್ಪ ನೋಡಿಕೊಂಡು ಬಂದು, "ದಿನಾ ಎತ್ಕೊಂಡು ಹೋಗೋರು ಯಾರು? ಓದಿದ್ದು ಸಾಕು" ಎಂದುಬಿಟ್ಟರು. ಎರಡು ದಿನ ನಾನು ಊಟ ಬಿಟ್ಟು ಮಲಗಿದೆ. ಮೂರನೆಯ ದಿನ ಮಾವ ನನ್ನನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗಿ ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿದರು.

"ಸಾ, ಈ ಕೂಸು ಮ್ಯಾಲಕ್ಕೆ ಹತ್ತೋದು ಬ್ಯಾಡ. ಕ್ಲಾಸನ್ನೇ ಕೆಳಕ್ಕೆ ಇಳ್ಸಿ."

ಕೆಳಗೆ ಇರುವುದು ಆಫೀಸು ಮತ್ತು ಮೇಷ್ಟ್ರುಗಳು ಕೂರುವ ಕೋಣೆ ಅಷ್ಟೇ ಎಂದರು ಹೆಡ್‌ಮಾಸ್ಟರು.

"ಮೇಷ್ಟ್ರುಗಳ ಕಾಲು ಚೆಂದಾಗವೆ ಅಲ್ವಾ ಸಾ?"

ಹೆಡ್‌ಮಾಸ್ಟರು ನನ್ನ ಕಾಲಿನ ಪಟ್ಟಿಯನ್ನು ನೋಡಿದರು, ಮಾವನ ಬೆರಳುಗಳನ್ನು ನೋಡಿದರು, ಕೊನೆಗೆ ನಕ್ಕುಬಿಟ್ಟರು. ಆ ನಗೆ ಕೇಳಿ ನಾನು ಅಲ್ಲೇ ಅತ್ತುಬಿಟ್ಟೆ. ಮೂರು ವರ್ಷ ಮೇಷ್ಟ್ರುಗಳು ಗೊಣಗುತ್ತಲೇ ಮಹಡಿ ಹತ್ತಿದರು. ನಾನು ಕೆಳಗೆ ಅವರ ಕೋಣೆಯಲ್ಲಿ ಕೂತು ಎಸ್ಸೆಸ್ಸೆಲ್ಸಿ ಮುಗಿಸಿದೆ.

ಕಪಿಲೆಯ ದಂಡೆಯಲ್ಲಿ ಮಾವನ ಪಾರ್ಕನ್ನು ಯಾರೂ ಕಟ್ಟಲಿಲ್ಲ. ಮಾವನೂ ಈಗಿಲ್ಲ. ಎಂಬತ್ತರ ದಶಕದಲ್ಲಿ ನನಗೆ ಟಿ. ನರಸೀಪುರದ ಕಡೆ ಟೀಚರ್ ಕೆಲಸ ಸಿಕ್ಕಾಗ ಅವರು ಹಾಸಿಗೆ ಹಿಡಿದಿದ್ದರು. ಹದಿನೈದು ದಿನದೊಳಗೆ ಹೋಗಿಯೇಬಿಟ್ಟರು. ಆರ್ಡರ್ ತೋರಿಸಲು ಹೋದದ್ದೇ ಕೊನೆಯ ಭೇಟಿ. ಕೆಲಸ ಪರ್ಮನೆಂಟಾ ಎಂದು ಅಪ್ಪನಿಂದ ಹಿಡಿದು ಎಲ್ಲರೂ ಕೇಳಿದ್ದರು. ಮಾವ ಕಾಗದ ಬಿಚ್ಚಲೂ ಇಲ್ಲ.

"ಸ್ಕೂಲು ಕೆಳಗಡೇನೋ, ಮಹಡೀನೋ?"

"ಹೆಂಚಿನ ಕಟ್ಟಡ ಮಾವ. ಒಂದು ಹೊಸ್ತಿಲು, ಅಷ್ಟೆ."

"ಸದ್ಯ ಕಣವ್ವ" ಎಂದು ಉಸಿರು ಬಿಟ್ಟು, ದಿಂಬಿಗೆ ಒರಗಿದರು.