ರೌಶನ್ ಬೀಯ ಚೀಲ

ಎಪ್ಪತ್ತೆಂಟನೇ ಇಸವಿಯಲ್ಲಿ ನಾನು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಮೇಸ್ತ್ರಿ. ಕಾಫಿ ಬೀಜ ಆರಿಸುವ ಹಾಲ್‌ನಲ್ಲಿ ನಲವತ್ತು ಹೆಂಗಸರು ಸಾಲಾಗಿ ಕೂರುತ್ತಿದ್ದರು. ಮೊರದಲ್ಲಿ ಬೀಜ ಹರವಿ, ಕರಿಯದನ್ನೂ ಒಡಕನ್ನೂ ಹೆಕ್ಕಿ ತೆಗೆದು, ಒಳ್ಳೆಯದನ್ನು ತಂತಮ್ಮ ಹೆಸರಿನ ಚೀಲಕ್ಕೆ ಸುರಿಯಬೇಕು. ಒಂದು ಹಿಡಿಯಲ್ಲಿ ಮೂರು ಕರಿ ಬೀಜ ಸಿಕ್ಕಿದರೆ ಆ ಚೀಲದವಳು ಗೇಟಿನ ಹೊರಗೆ. ಅದು ಅಲ್ಲಿಯ ಕಾನೂನು.

ರೌಶನ್ ಬೀ ಕಿಟಕಿಯ ಪಕ್ಕ ಕೂರುತ್ತಿದ್ದಳು. ವಸ್ತಾರೆಯವಳು. ಗಂಡ ಸತ್ತ ಮೇಲೆ ಪೇಟೆಗೆ ಬಂದು ಇಬ್ಬರು ಹೆಣ್ಣುಮಕ್ಕಳನ್ನು ಆ ಮೊರದಿಂದಲೇ ಸಾಕುತ್ತಿದ್ದಳು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅಂಗಡಿಯವರು ಸಾಮಾನು ಕಟ್ಟಿಕೊಟ್ಟ ಪೇಪರ್ ಚೂರು ಹಿಡಿದು ಅಕ್ಷರ ಕೂಡಿಸಿಕೊಂಡವಳು. ನಾನೂ ಹಾಗೇ ಕಲಿತವನು. ಅದಕ್ಕೇ ಅವಳು ಲೈಬ್ರರಿಯಿಂದ ರಟ್ಟು ಕಿತ್ತ ಹಳೇ ಕಾದಂಬರಿ ತಂದು ಗಟ್ಟಿಯಾಗಿ ಓದತೊಡಗಿದಾಗ ಕಂಡೂ ಕಾಣದಂತಿದ್ದೆ.

ಕಥೆ ಮಂತ್ರ ಬಲ್ಲ ಹೆಂಗಸಿನದು. ಅವಳು ಬಾಯಿಬಿಟ್ಟರೆ ಬಿರುಗಾಳಿ ನಿಲ್ಲುತ್ತದೆ, ಮುಳುಗಿದ ದೋಣಿ ಏಳುತ್ತದೆ. ಆದರೆ ಒಂದೊಂದು ಮಂತ್ರಕ್ಕೂ ಅವಳಿಗೆ ಬೇಕಾದವರೊಬ್ಬರ ನೆನಪು ಅಳಿಸಿಹೋಗುತ್ತದೆ. ಮೊದಲು ಅಪ್ಪ, ಆಮೇಲೆ ಅಣ್ಣ, ಆಮೇಲೆ ಗಂಡ. ಉಳಿದವಳು ಮಗಳೊಬ್ಬಳೇ.

ಪುಸ್ತಕ ಹಿಡಿದ ಕೈ ಬೀಜ ಆರಿಸುವುದು ಹೇಗೆ? ಹೆಂಗಸರೇ ದಾರಿ ಹುಡುಕಿದರು. ಪ್ರತಿಯೊಬ್ಬಳೂ ತಾನು ಆರಿಸಿದ್ದರಲ್ಲಿ ಒಂದೊಂದು ಬೊಗಸೆಯನ್ನು ರೌಶನ್ ಬೀಯ ಚೀಲಕ್ಕೆ ಹಾಕುತ್ತಿದ್ದಳು.

ಆ ದಿನ ಕೊನೆಯ ಅಧ್ಯಾಯ. ಊರಿಗೆ ಕಡಲು ನುಗ್ಗುತ್ತಿದೆ. ಮಂತ್ರ ಹೇಳಿದರೆ ಊರು ಉಳಿಯುತ್ತದೆ, ಮಗಳು ಮರೆತುಹೋಗುತ್ತಾಳೆ. ಹಾಲ್‌ನಲ್ಲಿ ಕೈಗಳು ಬೀಜದ ಮೇಲೆ ಆಡುತ್ತಿದ್ದವು, ಕಣ್ಣು ಅಲ್ಲಿರಲಿಲ್ಲ. ನೋಡಿದರೂ ನಾನು ಎಚ್ಚರಿಸಲಿಲ್ಲ. ಮುಂದೇನಾಯಿತೆಂದು ನನಗೂ ತಿಳಿಯಬೇಕಿತ್ತು.

ಮ್ಯಾನೇಜರ್ ರಂಗನಾಥರು ಬಂದದ್ದು ಆಗಲೇ. ಕಿಟಕಿಯ ಪಕ್ಕದ ಚೀಲದಿಂದ ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರವಿದರು. ಏಳು ಕರಿ ಬೀಜ.

"ಯಾರದ್ದಿದು?"

"ನಂದು ಸಾರ್," ಎಂದಳು ರೌಶನ್ ಬೀ.

ಅದರಲ್ಲಿ ಅವಳು ಆರಿಸಿದ್ದು ಒಂದು ಬೀಜವೂ ಇರಲಿಲ್ಲ. ಹಾಗೆಂದು ಹೇಳಿದರೆ ಇಡೀ ಸಾಲೇ ಸಿಕ್ಕಿಬೀಳುತ್ತದೆ. ನಾನು ಮೇಸ್ತ್ರಿ, ಕಾಗದದ ಮೇಲಿನ ಬೀಜ ಎಣಿಸುವವನಂತೆ ಬಗ್ಗಿ ನಿಂತೆ. ರಂಗನಾಥರು ಗೇಟಿನ ಕಡೆ ಕೈ ತೋರಿಸಿದರು. ಅವಳು ಸೆರಗು ಕೊಡವಿ ಎದ್ದಳು.

ಸಾಲಿನಲ್ಲಿ ಹಿರಿಯಳಾದ ಕಲ್ಲಮ್ಮ ಮೊರ ಕೆಳಗಿಟ್ಟಳು. "ಆ ಬೀಜ ನಮ್ದು ಸಾರ್. ಇವ್ಳು ಬರೀ ಓದ್ತಿದ್ಲು. ಕಳ್ಸೋದಾದ್ರೆ ಎಲ್ರನ್ನೂ ಕಳ್ಸಿ. ನಾಳೆ ನೀವೂ ಮೇಸ್ತ್ರೂ ಕೂತು ಆರಿಸ್ಕೊಳಿ."

ಓದಲು ಬಿಟ್ಟವನು ನಾನೇ ಎಂದು ಆಮೇಲೆ ನಾನೂ ಒಪ್ಪಿಕೊಂಡೆ. ರಂಗನಾಥರು ತೀರ್ಪು ಕೊಟ್ಟರು. ಪುಸ್ತಕ ಇನ್ನು ಹಾಲ್‌ನೊಳಗೆ ಬರಕೂಡದು. ಆ ಚೀಲವನ್ನು ಸಂಜೆ ಐದರೊಳಗೆ ರೌಶನ್ ಬೀ ಒಬ್ಬಳೇ ಮತ್ತೆ ಆರಿಸಬೇಕು. ಒಂದೇ ಒಂದು ಕರಿ ಬೀಜ ಕಂಡರೂ ನಾಳೆ ಬರಬೇಕಾಗಿಲ್ಲ.

ಆಗಲೇ ಹನ್ನೊಂದು ಗಂಟೆ. ಅವಳು ಚೀಲ ಸುರಿದು ಕೂತಳು. ಊಟಕ್ಕೂ ಏಳಲಿಲ್ಲ. ಮೂರರ ಹೊತ್ತಿಗೆ ಕಲ್ಲಮ್ಮ ತಡೆಯಲಾರದೆ ಕೇಳಿದಳು, "ಹೇಳಿದ್ಲಾ ಅವ್ಳು ಮಂತ್ರಾನ?"

ಜನರೆದುರು ತಡವರಿಸಬಾರದೆಂದು ಒಂದೊಂದು ಪುಟವನ್ನೂ ಮನೆಯಲ್ಲಿ ನಾಲ್ಕು ಸಲ ಓದಿಕೊಂಡು ಬರುತ್ತಿದ್ದವಳು ರೌಶನ್ ಬೀ. ಎಲ್ಲ ಬಾಯಿಗೆ ಬಂದಿತ್ತು. ಮೊರದಿಂದ ತಲೆ ಎತ್ತದೆ ಹೇಳುತ್ತಾ ಹೋದಳು. ಹೆಂಗಸು ಮಂತ್ರ ಹೇಳಿದಳು, ಕಡಲು ಹಿಂದೆ ಸರಿಯಿತು. ಕೈ ಹಿಡಿದು ನಿಂತಿದ್ದ ಹುಡುಗಿಯ ಕಡೆ ತಿರುಗಿ, ನೀನು ಯಾರ ಮಗು ಎಂದು ಕೇಳಿದಳು.

ಒಂದಿಬ್ಬರ ಕೈ ನಿಂತಿತು.

"ಕಣ್ಣು ಬೀಜದ ಮೇಲಿರ್ಲಿ," ಎಂದಳು ರೌಶನ್ ಬೀ.

ಐದಕ್ಕೆ ರಂಗನಾಥರು ಚೀಲದ ಬಾಯಿಯಿಂದ, ನಡುವಿನಿಂದ, ತಳದಿಂದ ಮೂರು ಹಿಡಿ ತೆಗೆದು ಹರವಿದರು. ಬೆರಳಿನಿಂದ ಒಂದೊಂದೇ ಬೀಜ ಸರಿಸಿ ನೋಡಿದರು. ಕರಿಯದು ಒಂದೂ ಇರಲಿಲ್ಲ. ಕಾಗದ ಮಡಚಿ ಹೊರಟುಹೋದರು.

ಮಾರನೆಯ ದಿನವೂ ಬೊಗಸೆಗಳು ಅವಳ ಕಡೆ ಚಾಚಿದವು. ಬೇಡವೆಂದಳು. ಕಥೆ ಹೇಳುವುದನ್ನೂ ಬಿಡಲಿಲ್ಲ, ಕಥೆ ಹೇಳಿದ ದಿನ ಚೀಲ ಮುಕ್ಕಾಲು ಮಾತ್ರ ತುಂಬುತ್ತಿತ್ತು, ಕೂಲಿಯೂ ಅಷ್ಟಕ್ಕೇ. ಎಂಬತ್ತೊಂಬತ್ತರಲ್ಲಿ ಕಣ್ಣು ಮಂಜಾಗಿ ಕೆಲಸ ಬಿಡುವವರೆಗೂ ಆ ಚೀಲದಲ್ಲಿ ಕರಿ ಬೀಜ ನಾನು ಕಾಣಲಿಲ್ಲ.