ರೆಮಿ ಭಾವನ ತಾಳ್ಮೆ

ನನ್ನ ಭಾವ ರೆಮಿಯ ತಾಳ್ಮೆಯನ್ನು ನಮ್ಮ ಹೋಯ್ಕ್ ಊರಿನವರೆಲ್ಲ ಹೊಗಳುತ್ತಾರೆ. ನಾನು ಹೊಗಳುವುದಿಲ್ಲ. ಆ ತಾಳ್ಮೆಯೇ ನನ್ನ ಅಕ್ಕನನ್ನು ತಿಂದುಹಾಕಿತು.

ಭಾವ ಬಿಯರ್ ಕುದಿಸುವವನಲ್ಲ, ಬೆರೆಸುವವನು. ಚಳಿಗಾಲದಲ್ಲಿ ಸುತ್ತಲಿನ ಭಟ್ಟಿಗಳಿಂದ ಆಗಷ್ಟೇ ಕುದಿಸಿದ ಧಾನ್ಯದ ರಸ ತಂದು ತನ್ನ ನೆಲಮಾಳಿಗೆಯ ಪೀಪಾಯಿಗಳಿಗೆ ತುಂಬುತ್ತಾನೆ. ಅದು ತನ್ನಷ್ಟಕ್ಕೆ ಹುಳಿಬಂದು ಲ್ಯಾಂಬಿಕ್ ಎಂಬ ಬಿಯರ್ ಆಗುತ್ತದೆ. ಯಾವ ಎಳೆಯದನ್ನು ಯಾವ ಹಳೆಯದರ ಜೊತೆ ಬೆರೆಸಬೇಕೆಂದು ಹೇಳುತ್ತಿದ್ದವಳು ಮಾತ್ರ ನನ್ನ ಅಕ್ಕ ಒಡೀಲ್. ನಾಲಿಗೆ ಅವಳದು, ಹೆಸರು ಅವನದು. ಈಸ್ಟರ್ ಕಳೆದ ಮೇಲೆ ಇಬ್ಬರೂ ಒಂದೊಂದೇ ಪೀಪಾಯಿಯ ಮುಖದಲ್ಲಿರುವ ಸಣ್ಣ ಮೊಳೆ ಕಿತ್ತು, ಸೊರ್ರೆಂದು ಚಿಮ್ಮುವ ಎಳೆಯ ಬಿಯರನ್ನು ಲೋಟದಲ್ಲಿ ಹಿಡಿಯುತ್ತಿದ್ದರು. ನೊರೆಯಿಲ್ಲ, ಕದಡಿದ ಬಣ್ಣ. ಒಡೀಲ್ ಒಂದು ಗುಟುಕು ಬಾಯಲ್ಲಿ ಆಡಿಸುವಳು.

"ಇದು ನಿಮ್ಮಮ್ಮನ ಥರ, ರೆಮಿ. ಬಾಯಿಗಿಟ್ಟ ತಕ್ಷಣ ಕಚ್ಚುತ್ತೆ. ಎರಡು ವರ್ಷ ಹೋದ್ರೆ ಮುದ್ದು ಮಾಡುತ್ತೆ."

"ನಮ್ಮಮ್ಮ ಮೂವತ್ತು ವರ್ಷ ಆದ್ರೂ ಮುದ್ದು ಮಾಡ್ಲಿಲ್ವಲ್ಲೇ!"

ಮೊದಲ ಬೇಸಿಗೆಯಲ್ಲಿ ಕೆಲವು ಪೀಪಾಯಿಗಳ ಬಿಯರ್ ಲೋಳೆಯಾಗುತ್ತದೆ. ಸುರಿದರೆ ಎಣ್ಣೆಯಂತೆ ಇಳಿಯುತ್ತದೆ. ಕಾಯಿಲೆ ಬಂತು ಅನ್ನುತ್ತೇವೆ. ಹೊಸಬರು ಗಾಬರಿಯಾಗಿ ಚೆಲ್ಲಿಬಿಡುತ್ತಾರೆ. ತಿಳಿದವರು ಮುಟ್ಟುವುದಿಲ್ಲ. ತಿಂಗಳುಗಟ್ಟಲೆ ಸುಮ್ಮನೆ ಬಿಟ್ಟರೆ ತಾನೇ ವಾಸಿಯಾಗಿ ಮೊದಲಿಗಿಂತ ರುಚಿಯಾಗುತ್ತದೆ. ನಲವತ್ತು ವರ್ಷದಲ್ಲಿ ಭಾವ ಕಾಯಿಲೆಯ ಒಂದು ಪೀಪಾಯಿಯನ್ನೂ ಚೆಲ್ಲಿದವನಲ್ಲ.

ಅಕ್ಕನ ಕೊನೆಯ ವರ್ಷ ರುಚಿ ನೋಡುವಾಗ ನಾನೂ ಅಲ್ಲೇ ಲೋಟ ತೊಳೆಯುತ್ತಿದ್ದೆ. ಮೂರನೆಯ ಪೀಪಾಯಿಯದನ್ನು ಕುಡಿದ ಒಡೀಲ್ ಲೋಟ ಕೆಳಗಿಟ್ಟಳು.

"ಹೆಂಗಿದೆ?" ಎಂದ ಭಾವ.

"ಗೊತ್ತಾಗ್ತಿಲ್ಲ. ನುಂಗೋಕೇ ಕಷ್ಟ ಆಗ್ತಿದೆ. ಗಂಟಲಲ್ಲಿ ಏನೋ ಸಿಕ್ಕೊಂಡ ಹಾಗೆ."

"ನೆಗಡಿ ಇರ್ಬೇಕು. ಎರಡು ದಿನ ಬಿಡು, ಹೋಗುತ್ತೆ."

"ಎರಡು ತಿಂಗಳಾಯ್ತು, ರೆಮಿ."

"ಹಂಗಾದ್ರೆ ಬೇಸಿಗೆ ಕಳೀಲಿ. ಸುಮ್ನೆ ಕೆದಕೋಕೆ ಹೋಗ್ಬಾರ್ದು. ಇದನ್ನ ನಿನಗೆ ನಾನು ಹೇಳ್ಬೇಕಾ?"

ಒಡೀಲ್ ನಕ್ಕಳು. ನಾನೂ ನಕ್ಕೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಬೇಸಿಗೆಯಲ್ಲಿ ಅವಳು ಹಾಲಲ್ಲಿ ನೆನೆಸಿದ ಬ್ರೆಡ್ ತಿಂದಳು, ಆಮೇಲೆ ಬರೀ ಹಾಲು. ಡಾಕ್ಟರ ಮಾತೆತ್ತಿದರೆ ಭಾವ, "ನೋಡು, ನಿನ್ನೆಗಿಂತ ಮುಖ ಗೆಲುವಾಗಿದೆ" ಎನ್ನುವನು. ಸುಳ್ಳು ಹೇಳುತ್ತಿರಲಿಲ್ಲ, ಹಾಗೆಂದೇ ನಂಬಿದ್ದ. ಅಕ್ಟೋಬರಿನಲ್ಲಿ ನಾನೇ ಜಗಳವಾಡಿ ಡಾಕ್ಟರನ್ನು ಮನೆಗೆ ಕರೆಸಿದೆ. ಈಸ್ಟರ್ ಹೊತ್ತಿಗೇ ತೋರಿಸಿದ್ದರೆ ಏನಾದರೂ ಮಾಡಬಹುದಿತ್ತು ಎಂದರು.

ಕೊನೆಯ ವಾರ ಒಡೀಲ್ ನನ್ನ ಕೈ ಹಿಡಿದು, "ಅವನನ್ನ ಬೈಬೇಡ ಕಣೆ. ನಾನೂ ಕಾದೆನಲ್ಲ" ಎಂದಳು. ನಾನು ಮಾತು ಕೊಡಲಿಲ್ಲ. ಡಿಸೆಂಬರ್ ಮೊದಲ ವಾರ ಅವಳು ಹೋದಳು. ಆ ವರ್ಷ ಕಾಯಿಲೆಬಿದ್ದ ಪೀಪಾಯಿಗಳೆಲ್ಲ ವಾಸಿಯಾದವು. ಅದನ್ನೂ ಹೇಳಿಬಿಡುತ್ತೇನೆ.

ಎರಡು ವರ್ಷ ನಾನು ಭಾವನ ಹೊಸಿಲು ತುಳಿಯಲಿಲ್ಲ. ಕಳೆದ ಮಾರ್ಚಿನ ಒಂದು ಭಾನುವಾರ ಚರ್ಚಿನಲ್ಲಿ ನನಗೆ ಕೆಮ್ಮು ಹತ್ತಿತು. ಪೂಜೆ ಮುಗಿಯುವುದನ್ನೂ ಕಾಯದೆ ಅವನು ಬಂದು ನನ್ನ ರಟ್ಟೆ ಹಿಡಿದ.

"ನಡಿ ಜೆರ್ಮೇನ್, ಡಾಕ್ಟರ ಹತ್ರ."

"ಬಿಡಿ ಭಾವ, ಊರೆಲ್ಲ ನೋಡ್ತಿದೆ. ಬರೀ ಕೆಮ್ಮು."

"ನೋಡ್ಲಿ. ನಡಿ ಅಂದೆ!"

ಪೀಪಾಯಿ ಸಾಗಿಸುವ ವ್ಯಾನಿನಲ್ಲಿ ಕೂರಿಸಿಕೊಂಡು ಹಾಲೆ ಪಟ್ಟಣಕ್ಕೆ ಓಡಿಸಿದ. ಡಾಕ್ಟರನ್ನು ಊಟದ ಮೇಜಿನಿಂದಲೇ ಎಬ್ಬಿಸಿದ. ಅವರು ನನ್ನ ಎದೆ, ಬೆನ್ನು ಪರೀಕ್ಷಿಸಿ, "ನೆಗಡಿ ಅಷ್ಟೇ" ಎಂದರು. ಸರಿಯಾಗಿ ಉಗಿಯಬೇಕೆಂದು ದುಮುಗುಡುತ್ತ ಹೊರಗೆ ಬಂದೆ. ಭಾವ ಮೆಟ್ಟಿಲ ಮೇಲೆ ಗಡಿಯಾರ ನೋಡುತ್ತ ಕೂತಿದ್ದ.

"ನೆಗಡಿಯಂತೆ. ಈಗ ಸಮಾಧಾನ ಆಯ್ತಾ?" ಎಂದೆ.

ಅವನು ತಲೆ ಎತ್ತಲಿಲ್ಲ. "ಚರ್ಚಿಂದ ಹೊರಟು, ನಿನ್ನ ಪರೀಕ್ಷೆ ಎಲ್ಲ ಮುಗಿಯೋಕೆ ಎಷ್ಟು ಹೊತ್ತಾಯ್ತು ಗೊತ್ತಾ?"

"ಎಷ್ಟು?"

"ಮುಕ್ಕಾಲು ಗಂಟೆ" ಎಂದ. "ಬರೀ ಮುಕ್ಕಾಲು ಗಂಟೆ, ಜೆರ್ಮೇನ್."

ನಾನು ಅವನ ಪಕ್ಕದಲ್ಲಿ ಕುಳಿತೆ. ಬೈಯಲು ನನ್ನಲ್ಲಿ ಏನೂ ಉಳಿದಿರಲಿಲ್ಲ.