ಲ್ಯಾಬಿನೊಳಗಿನ ಆಯುಧಪೂಜೆ

ಅಜ್ಜಂಪುರದ ಹೇಮಶ್ರೀಗೆ ಕೈ ತೊಳೆಯುವುದೇ ಕಸುಬು ಎಂದು ಅವಳ ಅತ್ತೆ ನಗುತ್ತಿದ್ದರು. ನಗಲಿ ಬಿಡಿ. ತರೀಕೆರೆಯ ಶರಣ್ಯಾ ಮೇಡಂ ಲ್ಯಾಬಿನಲ್ಲಿ ಆರ್ಕಿಡ್ ಸಸಿಗಳನ್ನು ಬಾಟಲಿಯಿಂದ ಬಾಟಲಿಗೆ ದಾಟಿಸುವ ಕೆಲಸ ಅದು. ಸೋಸಿದ ಗಾಳಿ ಬೀಸುವ ಪೆಟ್ಟಿಗೆಯೊಳಗೆ ಕೈಯಿಟ್ಟು ಮಾಡಬೇಕು. ಚೂರು ಧೂಳು ಬಿದ್ದರೂ ಬೂಷ್ಟು ಹಿಡಿಯುತ್ತದೆ. ಅವಳಷ್ಟು ಚೊಕ್ಕವಾಗಿ ಮಾಡುವವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ಆ ವರ್ಷ ಬಾಟಲಿಗಳಲ್ಲಿದ್ದದ್ದು ಲಿಂಗದಹಳ್ಳಿಯ ತೀರ್ಥಮ್ಮನ ಮನೆಯ ಸೀತಾಳೆ ದಂಡೆ ಎಂಬ ಆರ್ಕಿಡ್. ಅವರ ಮಾವಿನ ಮರದ ಮೇಲೆ ಬೆಳೆದು, ಮನೆಯ ಹೆಣ್ಣುಮಕ್ಕಳೆಲ್ಲ ಮುಡಿಯುತ್ತಿದ್ದ ಹೂವು. ಗಾಳಿಗೆ ಮರ ಉರುಳಿ ಗಿಡವೂ ಒಣಗಿತು. ಅದಕ್ಕೆ ಮುಂಚೆ ಕಿತ್ತಿದ್ದ ಒಂದೇ ಕಾಯಿಯ ಬೀಜದಿಂದ ಎದ್ದ ಸಸಿಗಳಷ್ಟೇ ಉಳಿದಿದ್ದವು. ತೀರ್ಥಮ್ಮ ಸಂತೆಗೆ ಬಂದಾಗಲೆಲ್ಲ ಗಾಜಿನಾಚೆ ನಿಂತು, "ನಮ್ ಕೂಸುಗಳು ಹೆಂಗವೆ ಕಣೇ?" ಎಂದು ಕೇಳುತ್ತಿದ್ದರು.

ಆಯುಧಪೂಜೆಗೆ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: "ಪೂಜೆ ಏನಿದ್ರೂ ಗೇಟ್ ಹತ್ರ. ಒಳಗೆ ಒಂದು ಎಸಳೂ ಬರಬಾರದು."

ಊರಿನ ಬೈಕಿಗೆ, ಬಸ್ಸಿಗೆ, ಕೊನೆಗೆ ಅಂಗಡಿಯ ತಕ್ಕಡಿಗೂ ಕುಂಕುಮ. ತನಗೆ ಅನ್ನ ಕೊಡುವ ಚಿಮಟ, ಬ್ಲೇಡು ಮಾತ್ರ ಬೋಳು! ಹೇಮಶ್ರೀಯ ಮನಸ್ಸು ಒಪ್ಪಲಿಲ್ಲ. ಹೂವು, ಪುಡಿ ಏನು ಮಾಡುತ್ತವೆಂದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಆದರೂ ಯಾರೂ ಇಲ್ಲದಾಗ ಪೆಟ್ಟಿಗೆಯೊಳಗೆ ಚಿಟಿಕೆ ಕುಂಕುಮವಿಟ್ಟು, ಸೇವಂತಿಗೆ ಏರಿಸಿ ಕೈಮುಗಿದಳು. ಆಮೇಲೆ ಎಲ್ಲ ತೆಗೆದು, ಸ್ಪಿರಿಟ್ಟಿನಲ್ಲಿ ಒರೆಸಿ, ತೀರ್ಥಮ್ಮನ ಸಸಿಗಳನ್ನು ದಾಟಿಸಲು ಕೂತಳು.

ವಾರದೊಳಗೆ ಅಷ್ಟೂ ಬಾಟಲಿಗಳಿಗೆ ಬೂಷ್ಟು. ಮೇಡಂ ಏಸಿಯನ್ನು ಬೈದರು, ಕರೆಂಟನ್ನು ಬೈದರು. ಹೇಮಶ್ರೀ ಬಾಟಲಿಗಳನ್ನು ಒಂದೊಂದಾಗಿ ಬೇರೆ ಎತ್ತಿಟ್ಟಳು. ಮನೆಗೆ ಹೋಗಿ, ಎಂಥಾ ಪಾಪಿ ನಾನು ಎಂದು ತನ್ನನ್ನೇ ಶಪಿಸಿಕೊಂಡಳು.

ತೀರ್ಥಮ್ಮ ಬಂದರು. ಕಪ್ಪಾದ ಬಾಟಲಿಗಳನ್ನು ನೋಡಿ, ಮೇಡಂ ಕಡೆ ತಿರುಗಿದರು.

"ಆಯುಧಪೂಜೆ ದಿನ ಒಳಗೆ ಪೂಜೆ ಮಾಡಿದ್ರಾ?"

"ಇಲ್ಲಮ್ಮ."

"ಅದಕ್ಕೇ ಕಣವ್ವ ಹಿಂಗಾಗಿರೋದು! ಒಂದ್ ಚಿಟ್ಕೆ ಕುಂಕ್ಮ ಇಟ್ಟಿದ್ರೆ ನಿಮ್ ಗಂಟೇನ್ ಹೋಗ್ತಿತ್ತು?"

ಮೇಡಂ ಕಣ್ಣಲ್ಲಿ ನೀರು ಬಂತು. "ತಪ್ಪು ನಂದೇ ಅಮ್ಮ. ಮುಂದಿನ ವರ್ಷ ಒಳಗೇ ಮಾಡಿಸ್ತೀನಿ."

ತೀರ್ಥಮ್ಮ ಹೇಮಶ್ರೀಯ ಗಲ್ಲ ಹಿಡಿದರು. "ಈ ಹುಡ್ಗಿ ಪಾಪ, ಎಷ್ಟ್ ಜೋಪಾನ ಮಾಡಿದ್ಲು!"

"ಇಟ್ಟಿದ್ದೆ ಕಣಮ್ಮ," ಎಂದಳು ಹೇಮಶ್ರೀ. "ಕುಂಕ್ಮ ನಾನೇ ಇಟ್ಟಿದ್ದೆ. ಅದಕ್ಕೇ ಸತ್ತಿದ್ದು."

ತೀರ್ಥಮ್ಮ ಅವಳ ಗಲ್ಲದಿಂದ ಕೈ ತೆಗೆದರು.